ಟು ಕಿಲ್ ಎ ಮಾಕಿಂಗ್‌ಬರ್ಡ್

ಅಮೆರಿಕದ ಲೇಖಕಿ ಹಾರ್ಪರ್ ಲೀ (1926-2016) ಬರೆದ ಕಾದಂಬರಿ. 1960ರ ಜುಲೈ 11ರಂದು ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನಲವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಕಥೆ ನಡೆಯುವುದು 1930ರ ದಶಕದ ನಡುಭಾಗದಲ್ಲಿ, ದಕ್ಷಿಣದ ಅಲಬಾಮ ರಾಜ್ಯದ ಮೇಕೂಂಬ್ ಎಂಬ ಕಲ್ಪಿತ ಊರಿನಲ್ಲಿ. ತಾಯಿಯಿಲ್ಲದ ಹುಡುಗಿ ಸ್ಕೌಟ್, ಅವಳ ಅಣ್ಣ ಜೆಮ್, ವಕೀಲನಾದ ತಂದೆ ಆಟಿಕಸ್ ಫಿಂಚ್ ಇದರ ಮುಖ್ಯ ಪಾತ್ರಗಳು. ಬಿಳಿಯ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದನೆಂಬ ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯಾಳಿನ ಪರವಾಗಿ ಆಟಿಕಸ್ ವಾದಿಸುತ್ತಾನೆ ಮತ್ತು ಸೋಲುತ್ತಾನೆ. ಆ ಸೋಲನ್ನು ಕಣ್ಣಾರೆ ಕಂಡ ಮಕ್ಕಳು ತಮ್ಮ ಊರಿನ ಮೇಲಿಟ್ಟಿದ್ದ ನಂಬಿಕೆ ಕಳೆದುಕೊಳ್ಳುತ್ತಾರೆ. ಪುಸ್ತಕವನ್ನು ಮುಗ್ಧತೆ ಕಳೆದುಕೊಂಡವರ ಕಥೆಯೆಂದೇ ದಶಕಗಳ ಕಾಲ ಓದಲಾಯಿತು, ಪಾಠ ಹೇಳಲಾಯಿತು. ಯಾರ ಮುಗ್ಧತೆ ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಬಹಳ ತಡವಾಗಿ.

ಮೇಕೂಂಬ್‌ಗೆ ಮಾದರಿ ಲೀ ಹುಟ್ಟಿ ಬೆಳೆದ ಮನ್ರೋವಿಲ್. ತಂದೆ ಅಮಾಸಾ ಕೋಲ್‌ಮನ್ ಲೀ ಅಲ್ಲಿ ವಕೀಲರು, ಸ್ಥಳೀಯ ಪತ್ರಿಕೆಯ ಸಂಪಾದಕರು, ಕೆಲವು ಕಾಲ ರಾಜ್ಯದ ಶಾಸಕರೂ ಆಗಿದ್ದವರು. 1919ರಲ್ಲಿ ಅವರು ಬಿಳಿಯ ಅಂಗಡಿಯವನೊಬ್ಬನ ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ ವಕಾಲತ್ತು ವಹಿಸಿದ್ದರು. ಇಬ್ಬರಿಗೂ ಗಲ್ಲಾಯಿತು. ಆ ಮೇಲೆ ಅವರು ಕ್ರಿಮಿನಲ್ ಮೊಕದ್ದಮೆ ಹಿಡಿಯಲಿಲ್ಲ. ಪಕ್ಕದ ಮನೆಗೆ ಬಂದುಹೋಗುತ್ತಿದ್ದ ಹುಡುಗ ಮುಂದೆ ಪ್ರಸಿದ್ಧ ಲೇಖಕನಾದ ಟ್ರೂಮನ್ ಕಪೋಟಿ. ಕಾದಂಬರಿಯಲ್ಲಿ ಮಕ್ಕಳ ಗೆಳೆಯನಾದ ಡಿಲ್ ಅವನೇ.

ಟಾಮ್ ರಾಬಿನ್ಸನ್ ಪ್ರಕರಣಕ್ಕೆ ಒಂದೇ ಮೂಲ ಹುಡುಕುವುದು ಕಷ್ಟ, ಏಕೆಂದರೆ ಅಂಥ ಪ್ರಕರಣಗಳು ಅಲ್ಲಿ ಅಪರೂಪವಾಗಿರಲಿಲ್ಲ. 1931ರ ಮಾರ್ಚ್‌ನಲ್ಲಿ ಅಲಬಾಮದ ಗೂಡ್ಸ್ ರೈಲೊಂದರಿಂದ ಒಂಬತ್ತು ಕಪ್ಪು ಹುಡುಗರನ್ನು ಇಳಿಸಿ, ಇಬ್ಬರು ಬಿಳಿಯ ಯುವತಿಯರ ಮೇಲೆ ಅತ್ಯಾಚಾರ ನಡೆಸಿದರೆಂದು ಬಂಧಿಸಲಾಯಿತು. ಸ್ಕಾಟ್ಸ್‌ಬರೋ ಪ್ರಕರಣವೆಂದು ಹೆಸರಾದ ಇದರಲ್ಲಿ ಬಿಳಿಯರಷ್ಟೇ ಇದ್ದ ಜ್ಯೂರಿಗಳು ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಿದವು. ಯುವತಿಯರಲ್ಲಿ ಒಬ್ಬಳು 1933ರ ಮರುವಿಚಾರಣೆಯಲ್ಲಿ ತನ್ನ ದೂರು ಸುಳ್ಳೆಂದು ಕೋರ್ಟಿನಲ್ಲೇ ಹೇಳಿದಳು, ಜ್ಯೂರಿ ಕಿವಿಗೊಡಲಿಲ್ಲ. ಆ ತೀರ್ಪನ್ನು ರದ್ದುಪಡಿಸಿದ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸ್ಥಾನ ಕಳೆದುಕೊಂಡರು. ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ಎರಡು ಮುಖ್ಯ ತೀರ್ಪು ನೀಡಿತು: ಮರಣದಂಡನೆಯ ಆರೋಪಿಗೆ ಸರಿಯಾದ ವಕೀಲರ ನೆರವು ಸಿಗಬೇಕೆಂದು 1932ರಲ್ಲಿ, ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಡುವುದು ತಪ್ಪೆಂದು 1935ರಲ್ಲಿ. ಮನ್ರೋವಿಲ್‌ನಲ್ಲೇ 1933ರಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಕೂಲಿಗಾರನ ಮೇಲೆ ಇಂಥದೇ ಆರೋಪ ಬಂತು. ಅವನ ಮರಣಶಿಕ್ಷೆ ಜೀವಾವಧಿಗೆ ಇಳಿದರೂ ಕ್ಷಯದಿಂದ ನರಳಿ 1937ರಲ್ಲಿ ಬಂಧನದಲ್ಲೇ ಸತ್ತ. ಆಗ ಲೀಗೆ ಹತ್ತು ಹನ್ನೊಂದರ ವಯಸ್ಸು.

ಕಾದಂಬರಿ ಬರೆಯಲಾದ ಕಾಲವೂ ಕಡಿಮೆ ಉರಿಯದ್ದಲ್ಲ. ಕಾನೂನು ಓದನ್ನು ಅರ್ಧಕ್ಕೆ ಬಿಟ್ಟು 1949ರಲ್ಲಿ ನ್ಯೂಯಾರ್ಕ್ ಸೇರಿದ ಲೀ, ವಿಮಾನ ಕಂಪನಿಯಲ್ಲಿ ಟಿಕೆಟ್ ಕಾದಿರಿಸುವ ಗುಮಾಸ್ತೆಯಾಗಿದ್ದರು. 1956ರ ಕ್ರಿಸ್‌ಮಸ್‌ಗೆ ಸ್ನೇಹಿತ ದಂಪತಿ ಒಂದು ವರ್ಷದ ಸಂಬಳದಷ್ಟು ಹಣ ಕೊಟ್ಟು, ಕೆಲಸ ಬಿಟ್ಟು ಬರೆಯಲು ಹೇಳಿದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿಯಾಗಿತ್ತು. 1955ರಲ್ಲಿ ಮಿಸಿಸಿಪಿಯಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಕೊಂದವರನ್ನು ಬಿಳಿಯರ ಜ್ಯೂರಿ ಬಿಡುಗಡೆ ಮಾಡಿತ್ತು. ಅದೇ ವರ್ಷದ ಕೊನೆಗೆ ಮಾಂಟ್ಗೊಮರಿಯ ಬಸ್ ಬಹಿಷ್ಕಾರ ಆರಂಭವಾಗಿತ್ತು. 1957ರಲ್ಲಿ ಲಿಪಿನ್‌ಕಾಟ್ ಪ್ರಕಾಶನದ ಸಂಪಾದಕಿ ಟೇ ಹೋಹಾಫ್ ಕೈಗೆ ಹಸ್ತಪ್ರತಿ ಬಂದಾಗ ಅದರಲ್ಲಿದ್ದುದು ಈ ವರ್ತಮಾನವೇ: ದೊಡ್ಡವಳಾದ ಸ್ಕೌಟ್ ನ್ಯೂಯಾರ್ಕ್‌ನಿಂದ ಊರಿಗೆ ಮರಳುತ್ತಾಳೆ. ಹೋಹಾಫ್ ಮಾರ್ಗದರ್ಶನದಲ್ಲಿ ಎರಡೂವರೆ ವರ್ಷ ತಿದ್ದಿ ಬರೆಯುವಷ್ಟರಲ್ಲಿ ಕಥೆ ಇಪ್ಪತ್ತು ವರ್ಷ ಹಿಂದಕ್ಕೆ ಸರಿದು, ಬಾಲಕಿಯ ಕಣ್ಣಿನ ಕಥೆಯಾಯಿತು. ಕೃತಿಯ ಶಕ್ತಿ, ಮಿತಿ ಎರಡಕ್ಕೂ ಈ ಒಂದು ಬದಲಾವಣೆಯೇ ಕಾರಣ.

ಶಕ್ತಿ ಎದ್ದು ಕಾಣುವುದು ವಿಚಾರಣೆಯ ಅಧ್ಯಾಯಗಳಲ್ಲಿ. ಕೆಳಗೆ ಬಿಳಿಯರು ಕಿಕ್ಕಿರಿದಿದ್ದಾರೆ. ಜಾಗ ಸಿಗದ ಮಕ್ಕಳು ಪಾದ್ರಿ ಸೈಕ್ಸ್ ಜೊತೆ ಕಪ್ಪು ಜನರಿಗೆ ಮೀಸಲಾದ ಮೇಲಿನ ಮೊಗಸಾಲೆಯಲ್ಲಿ ಕೂರುತ್ತಾರೆ. ದೂರು ಕೊಟ್ಟ ಹುಡುಗಿಯ ಮುಖದ ಬಲಭಾಗಕ್ಕೆ ಪೆಟ್ಟಾಗಿತ್ತು, ಅಂದರೆ ಹೊಡೆದವನು ಬಹುಶಃ ಎಡಗೈಯವನು. ಟಾಮ್‌ನ ಎಡಗೈ ಬಾಲ್ಯದಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಎಡಗೈಯಲ್ಲಿ ಸಹಿ ಹಾಕುವವನು ಹುಡುಗಿಯ ತಂದೆ ಬಾಬ್ ಯೂಯೆಲ್. ಇಷ್ಟಾದ ಮೇಲೆ ಜ್ಯೂರಿಗೆ ಇನ್ನೇನು ಬೇಕು ಎಂಬುದು ಜೆಮ್‌ನ ಲೆಕ್ಕ. ಆದರೆ ಮೊಕದ್ದಮೆಯ ಗತಿ ತಿರುಗುವುದು ಪುರಾವೆಯಿಂದಲ್ಲ. ದುಡ್ಡಿಲ್ಲದೆ ಆ ಹುಡುಗಿಗೆ ಏಕೆ ಕೆಲಸ ಮಾಡಿಕೊಡುತ್ತಿದ್ದೆ ಎಂಬ ಪಾಟೀಸವಾಲಿಗೆ ಟಾಮ್, ಅವಳನ್ನು ಕಂಡು ಮರುಕವಾಯಿತು ಎಂದುಬಿಡುತ್ತಾನೆ. ಕರಿಯನೊಬ್ಬ ಬಿಳಿಯಳ ಮೇಲೆ ಮರುಕ ಪಡುವುದು! ಕೋರ್ಟು ಕ್ಷಮಿಸದ ಅಪರಾಧ ಅದೇ. ವರ್ಣದ್ವೇಷವು ದ್ವೇಷಕ್ಕಿಂತ ಹೆಚ್ಚಾಗಿ ಮೇಲುಕೀಳಿನ ವ್ಯವಸ್ಥೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಕಾದಂಬರಿಗಳು ಹೆಚ್ಚಿಲ್ಲ.

ಜ್ಯೂರಿ ಗಂಟೆಗಟ್ಟಲೆ ಚರ್ಚಿಸಿ ಅಪರಾಧಿ ಎನ್ನುತ್ತದೆ. ಜೆಮ್ ಅಳುತ್ತಾನೆ. ಮರುದಿನ ಬೆಳಿಗ್ಗೆ ಫಿಂಚ್ ಮನೆಯ ಅಡುಗೆಮನೆಯಲ್ಲಿ ಕಪ್ಪು ಜನ ತಂದಿಟ್ಟ ಕೋಳಿ, ಮಾಂಸ, ರೊಟ್ಟಿ ರಾಶಿ ಬಿದ್ದಿರುತ್ತವೆ. ಹಿಟ್ಲರ್ ಯೆಹೂದಿಗಳನ್ನು ಹಿಂಸಿಸುವುದನ್ನು ಖಂಡಿಸುವ ಶಾಲೆಯ ಟೀಚರ್ ಸ್ವಂತ ಊರಿನ ಕಪ್ಪು ಜನರ ಬಗ್ಗೆ ಆಡಿದ ಮಾತು ಸ್ಕೌಟ್‌ಗೆ ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ನೆರೆಯ ಬೂ ರ್‍ಯಾಡ್ಲಿ ವರ್ಷಗಟ್ಟಲೆ ಮನೆ ಬಿಟ್ಟು ಹೊರಬರದಿರುವುದು ಹೆದರಿಕೆಯಿಂದಲ್ಲ, ಹೊರಗಿನ ಜನ ಬೇಡವಾದದ್ದರಿಂದ ಇರಬೇಕು ಎಂದು ಜೆಮ್‌ಗೆ ಹೊಳೆಯುತ್ತದೆ.

ಮಿತಿ ಇರುವುದೂ ಇದೇ ದೃಶ್ಯಗಳಲ್ಲಿ. ತೀರ್ಪಿನ ನಂತರ ಆಟಿಕಸ್ ಹೊರನಡೆದಾಗ ಮೊಗಸಾಲೆಯ ಕಪ್ಪು ಜನರೆಲ್ಲ ಎದ್ದು ನಿಲ್ಲುತ್ತಾರೆ. ಕಾದಂಬರಿಯ ಅತಿ ಪ್ರಸಿದ್ಧ ಗಳಿಗೆ ಇದು. ಆ ಜನ ಮನೆಗೆ ಹೋದ ಮೇಲೆ ಏನು ಮಾತಾಡಿಕೊಂಡರು, ತೀರ್ಪು ಅವರಿಗೆ ಆಶ್ಚರ್ಯವಾಯಿತೇ ಎಂಬುದನ್ನು ಲೀ ಬರೆಯಲಿಲ್ಲ. ಜೆಮ್‌ಗೆ ಆದ ಆಘಾತ ಅವನ ವಯಸ್ಸಿನ ಕಪ್ಪು ಹುಡುಗನಿಗೆ ಆಗುತ್ತಿರಲಿಲ್ಲ. ಕಳೆದುಕೊಳ್ಳಲು ಅಂಥ ನಂಬಿಕೆ ಅವನಿಗಿರುತ್ತಿರಲಿಲ್ಲ. ಟಾಮ್ ಜೈಲಿನಿಂದ ತಪ್ಪಿಸಿಕೊಳ್ಳಲು ಹೋಗಿ ಹದಿನೇಳು ಗುಂಡು ತಿಂದು ಸಾಯುವುದೂ ತೆರೆಮರೆಯಲ್ಲೇ. ಅಡುಗೆಯಾಕೆ ಕಲ್ಪೂರ್ನಿಯಾ ತನ್ನ ಚರ್ಚಿಗೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಯವೊಂದೇ ಅಪವಾದ. ಅಲ್ಲಿ ಲೂಲಾ ಎಂಬಾಕೆ ಬಿಳಿಯ ಮಕ್ಕಳಿಗೆ ಇಲ್ಲೇನು ಕೆಲಸ ಎಂದು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ, ಆದರೆ ಕಾದಂಬರಿ ಅವಳನ್ನು ಬೇಗನೆ ಬದಿಗೆ ಸರಿಸುತ್ತದೆ.

1962ರ ಕೊನೆಗೆ ಬಂದ ರಾಬರ್ಟ್ ಮುಲಿಗನ್ ನಿರ್ದೇಶನದ ಸಿನಿಮಾ ಈ ಓರೆಯನ್ನು ಹೆಚ್ಚಿಸಿತು. ಗ್ರೆಗರಿ ಪೆಕ್ ಅಭಿನಯದ ಆಟಿಕಸ್ ತೆರೆಯನ್ನೇ ಆವರಿಸಿದ. ಪೆಕ್‌ಗೆ ಆಸ್ಕರ್ ಬಂತು. ಚಿತ್ರಕಥೆ ಮತ್ತು ಕಲಾನಿರ್ದೇಶನಕ್ಕೂ ಬಂತು. ಅನೇಕ ಅಮೆರಿಕನ್ನರು ಆಟಿಕಸ್‌ನನ್ನು ನೋಡಿ ವಕೀಲಿ ವೃತ್ತಿ ಹಿಡಿದೆವು ಎಂದಿದ್ದಾರೆ. ಮೊದಮೊದಲು ಪುಸ್ತಕಕ್ಕೆ ವಿರೋಧ ಬಂದದ್ದು ಸಂಪ್ರದಾಯಸ್ಥ ಬಿಳಿಯರಿಂದ. 1966ರಲ್ಲಿ ವರ್ಜೀನಿಯದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಇದು ಅನೈತಿಕ ಎಂದು ತೆಗೆದುಹಾಕಿದಾಗ ಲೀ ಪತ್ರಿಕೆಗೆ ವ್ಯಂಗ್ಯದ ಪತ್ರ ಬರೆದು, ಮಂಡಳಿಯವರನ್ನು ಒಂದನೇ ತರಗತಿಗೆ ಸೇರಿಸಲೆಂದು ಸಣ್ಣ ದೇಣಿಗೆ ಕಳಿಸಿದರು.

ನಂತರದ ಟೀಕೆ ಇನ್ನೊಂದು ದಿಕ್ಕಿನಿಂದ ಬಂತು. ಕಾನೂನು ಪ್ರಾಧ್ಯಾಪಕ ಮನ್ರೋ ಫ್ರೀಡ್‌ಮನ್ 1992ರಲ್ಲಿ, ಕೋರ್ಟು ನೇಮಿಸಿದ ಮೇಲಷ್ಟೇ ಕಣಕ್ಕಿಳಿದ ಆಟಿಕಸ್, ಊರಿನ ವರ್ಣಭೇದವನ್ನು ತಾನಾಗಿ ಎಂದೂ ಎದುರಿಸಲಿಲ್ಲ ಎಂದು ಬರೆದರು. ಅಷ್ಟರಲ್ಲಿ ಮನ್ರೋವಿಲ್ ತನ್ನ ಹಳೆಯ ಕೋರ್ಟನ್ನು ಕಾದಂಬರಿಯ ಹೆಸರಿನಲ್ಲಿ ಪ್ರವಾಸಿಗರಿಗೆ ತೋರಿಸುತ್ತಿತ್ತು. ಅದೇ ಊರಿನಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆಗಾಗಿ 1988ರಲ್ಲಿ ಮರಣದಂಡನೆಗೆ ಗುರಿಯಾದ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ವ್ಯಕ್ತಿ ಸುಳ್ಳು ಸಾಕ್ಷ್ಯದ ಬಲಿಪಶು ಎಂಬುದು ಸಾಬೀತಾಗಿ, 1993ರಲ್ಲಿ ಬಿಡುಗಡೆಯಾದ. ಅವನ ವಕೀಲ ಬ್ರಯನ್ ಸ್ಟೀವನ್‌ಸನ್ ಕಪ್ಪು ಜನಾಂಗದವರು.

2015ರ ಜುಲೈನಲ್ಲಿ ಲೀಯ ಮೊದಲ ಹಸ್ತಪ್ರತಿ 'ಗೋ ಸೆಟ್ ಎ ವಾಚ್‌ಮನ್' ಪ್ರಕಟವಾದಾಗ ಓದುಗರು ಕಂಗೆಟ್ಟರು. ಅಲ್ಲಿ ಮುಪ್ಪಿನ ಆಟಿಕಸ್ ಬಿಳಿಯರ ಪ್ರಾಬಲ್ಯ ಉಳಿಸಲು ಕಟ್ಟಿದ ಸಂಘದ ಸಭೆಯಲ್ಲಿ ಕೂತಿರುತ್ತಾನೆ. ಹಸ್ತಪ್ರತಿಯ ಪ್ರಕಟಣೆಗೆ ವೃದ್ಧ ಲೇಖಕಿಯ ಒಪ್ಪಿಗೆ ಎಷ್ಟರಮಟ್ಟಿಗಿತ್ತು ಎಂಬ ವಿವಾದವೂ ಎದ್ದಿತು. ಸಾಹಿತ್ಯವಾಗಿ ಅದು ಬಿಡಿಬಿಡಿಯಾದ ಪುಸ್ತಕ. ದಾಖಲೆಯಾಗಿ ಮಾತ್ರ ಆ ಆಟಿಕಸ್ ಹೆಚ್ಚು ನಂಬಬಹುದಾದವನು. ಆರನ್ ಸೋರ್ಕಿನ್ 2018ರಲ್ಲಿ ಬ್ರಾಡ್‌ವೇಗೆ ತಂದ ನಾಟಕದಲ್ಲಿ ಟಾಮ್ ಮತ್ತು ಕಲ್ಪೂರ್ನಿಯಾಗೆ ಹೆಚ್ಚು ಮಾತು ಸಿಕ್ಕಿತು.

2017ರಲ್ಲಿ ಮಿಸಿಸಿಪಿಯ ಬಿಲಾಕ್ಸಿಯಲ್ಲಿ ಎಂಟನೇ ತರಗತಿಯ ಪಾಠದಿಂದ ಪುಸ್ತಕವನ್ನು ಕೈಬಿಟ್ಟದ್ದು ಅದರಲ್ಲಿರುವ ಜನಾಂಗೀಯ ಬೈಗುಳದ ಕಾರಣಕ್ಕೆ. ಆದರೆ 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊದಲ್ಲಿ ಅಧ್ಯಾಪಕರೇ ಮುಂದೆ ಬಂದು, ವರ್ಣದ್ವೇಷವನ್ನು ಕಲಿಸಲು ಬಿಳಿಯರೇ ನಾಯಕರಾದ ಈ ಕಥೆ ಸಾಲದು ಎಂದು ವಾದಿಸಿದರು. ಮಂಡಳಿ ಒಂಬತ್ತನೇ ತರಗತಿಯ ಕಡ್ಡಾಯ ಪಠ್ಯಗಳಿಂದ ಅದನ್ನು ತೆಗೆಯಿತು. ಕಲಿಸಬಯಸುವವರು ಕಲಿಸಬಹುದೆಂದೂ ಹೇಳಿತು.