ಚಾಡಿ ಹೇಳುವ ಪೆಟ್ಟಿಗೆಗಳು

ಹಾಡು ಕೇಳಲು ಕೊಳ್ಳುವ ಸ್ಪೀಕರು ಹಾಡನ್ನು ಚಂದಗಾಣಿಸಬೇಕು. ಹಾಡು ಮಿಕ್ಸ್ ಮಾಡಲು ಕೊಳ್ಳುವ ಸ್ಪೀಕರು ಅದರ ಹುಳುಕನ್ನು ಎತ್ತಿ ತೋರಿಸಬೇಕು. ಈ ಎರಡನೆಯದೇ ಮಾನಿಟರ್. ಗಾಯಕಿಯ ಸಕಾರ ಕಿವಿಗೆ ಚುಚ್ಚುತ್ತಿದೆಯೆ, ತಬಲಾದ ಡಗ್ಗಾ ಹಾಡಿನ ದನಿಯನ್ನು ನುಂಗುತ್ತಿದೆಯೆ, ಹಿಂದೆಲ್ಲೋ ಫ್ಯಾನಿನ ಸದ್ದು ಸೇರಿಕೊಂಡಿದೆಯೆ ಎಂಬುದನ್ನೆಲ್ಲ ಮುಲಾಜಿಲ್ಲದೆ ಚಾಡಿ ಹೇಳುವುದೇ ಅದರ ಕೆಲಸ. ಒಂದು ಕಾಲದಲ್ಲಿ ಸ್ಟುಡಿಯೋ ಗೋಡೆಯಲ್ಲಿ ಹೂತಿಡುವಂಥ ದೊಡ್ಡ ಪೆಟ್ಟಿಗೆ ಮಾಡುತ್ತಿದ್ದ ಈ ಕೆಲಸವನ್ನು ಇಂದು ಮಲಗುವ ಕೋಣೆಯ ಮೇಜಿನ ಮೇಲಿರುವ 5 ಇಂಚಿನ ಜೋಡಿ ಮಾಡುತ್ತಿದೆ. ಪೆಟ್ಟಿಗೆ ಹೇಗೆ ಕುಗ್ಗಿತು, ಕುಗ್ಗುವಾಗ ಏನನ್ನು ಬಿಟ್ಟುಕೊಟ್ಟಿತು ಎಂದು ತಿಳಿದಿದ್ದರೆ ಕೊಳ್ಳುವವರಿಗೆ ದುಡ್ಡೂ ಉಳಿಯುತ್ತದೆ.

1940ರ ದಶಕದಲ್ಲಿ ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ ತಂದ 604 ಮಾದರಿಯಲ್ಲಿ ಕೆಳದನಿಯ 15 ಇಂಚಿನ ವೂಫರಿನ ನಟ್ಟನಡುವೆ ಮೇಲುದನಿಗಳಿಗೊಂದು ಹಾರ್ನ್ ಇತ್ತು. ಅಲ್ಲಿನ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ಅದರದೇ ದರ್ಬಾರು. ಸಣ್ಣ ಮಾನಿಟರಿನ ಹುಟ್ಟನ್ನು ಹುಡುಕಿದರೆ ಮಾತ್ರ ಬ್ರಿಟನ್ನಿಗೆ ಹೋಗಬೇಕು. ಸ್ಟುಡಿಯೋ ಕಟ್ಟುವ ಮುನ್ನ ಅದರ ಎಂಟನೇ ಒಂದು ಅಳತೆಯ ಮಾದರಿ ಮಾಡಿ, ಒಳಗೆ ಸದ್ದು ಹೇಗೆ ವರ್ತಿಸುತ್ತದೆ ಎಂದು ಬಿಬಿಸಿಯ ಸಂಶೋಧನಾ ವಿಭಾಗದವರು ಪರೀಕ್ಷಿಸುತ್ತಿದ್ದರು. ಆ ಪರೀಕ್ಷೆಗೆಂದು ಮಾಡಿಕೊಂಡ ಪುಟ್ಟ ಸ್ಪೀಕರು ಕೇಳಿದವರಿಗೆಲ್ಲ ಹಿಡಿಸಿತು. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಜಾಗದ ಇಕ್ಕಟ್ಟು ಹೇಗೂ ಇತ್ತು. 1970ರ ದಶಕದಲ್ಲಿ ಅದೇ ಪೆಟ್ಟಿಗೆಯನ್ನು ತಿದ್ದಿ ಎಲ್ಎಸ್3/5ಎ ಮಾಡಿದರು. ಎತ್ತರ ಒಂದಡಿ, ಒಳಗೆ ಕೆಇಎಫ್ ಕಂಪನಿಯ ವೂಫರ್, ಮೇಲುದನಿಗೆ ಟ್ವೀಟರ್. ಕೆಳದನಿ ಕಡಿಮೆಯಾದರೂ ಚಿಂತೆಯಿಲ್ಲ, ಮನುಷ್ಯನ ಮಾತು ಮಾತಿನಂತೆಯೇ ಕೇಳಬೇಕು ಎಂಬುದು ಅವರ ನಿಲುವು. ನನ್ನ ಮಟ್ಟಿಗೆ ಇಂದಿನ ಎಲ್ಲ ಸಣ್ಣ ಮಾನಿಟರುಗಳೂ ಈ ರಾಜಿಯ ಮೇಲೆಯೇ ನಿಂತಿವೆ.

ಅತ್ತ ಅಮೆರಿಕದಲ್ಲಿ ಆರಾಟೋನ್ ಎಂಬ ಚೌಕ ಡಬ್ಬಿ ಬಂತು. ಟ್ವೀಟರೇ ಇಲ್ಲ, ಇರುವುದು ಒಂದೇ ಕೋನು. ಅಗ್ಗದ ರೇಡಿಯೋದಲ್ಲಿ, ಟೀವಿಯಲ್ಲಿ ಹಾಡು ಹೇಗೆ ಕೇಳೀತು ಎಂದು ನೋಡಿಕೊಳ್ಳುವುದಷ್ಟೇ ಅದರ ಉಪಯೋಗ. ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಮಿಕ್ಸ್ ಮಾಡಿದ ಬ್ರೂಸ್ ಸ್ವೀಡಿಯನ್ ಇದನ್ನು ಬಹುವಾಗಿ ನೆಚ್ಚಿಕೊಂಡಿದ್ದರು.

ಆಮೇಲೆ ಬಂದದ್ದು ಯಮಹಾದ ಎನ್ಎಸ್-10. 1978ರಲ್ಲಿ ಮನೆಯಲ್ಲಿ ಹಾಡು ಕೇಳುವವರಿಗೆಂದು ಮಾರುಕಟ್ಟೆಗೆ ಬಂದು, ಅಲ್ಲಿ ಸೋತಿತು. ದನಿ ಒರಟು, ಕೆಳದನಿ ಬಡಕಲು. ಆದರೆ ಸ್ಟುಡಿಯೋದ ಎಂಜಿನಿಯರುಗಳು ಇದನ್ನು ಮಿಕ್ಸಿಂಗ್ ಮೇಜಿನ ಮೇಲೇರಿಸಿದರು. ಇದರಲ್ಲಿ ಸರಿಯಾಗಿ ಕೇಳಿದ ಮಿಕ್ಸ್ ಬೇರೆಲ್ಲ ಕಡೆಯೂ ಸರಿಯಾಗಿಯೇ ಕೇಳುತ್ತಿತ್ತು. ಕೀರಲು ತಗ್ಗಿಸಲು ಟ್ವೀಟರಿನ ಮುಂದೆ ಟಿಶ್ಯೂ ಕಾಗದ ಅಂಟಿಸಿಕೊಂಡವರೂ ಇದ್ದರು! ಇದರ ಗುಟ್ಟನ್ನು ಅಳತೆ ಮಾಡಿ ನೋಡಿದವರು ಕಂಡುಕೊಂಡದ್ದು ಇಷ್ಟು: ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಇದರ ಕೆಳದನಿ ಗುಂಯ್ಗುಡದೆ ಥಟ್ಟನೆ ನಿಲ್ಲುತ್ತದೆ, ಮಾತು, ಗಾಯನಗಳಿರುವ ನಡುದನಿ ಎದ್ದು ಕೇಳುತ್ತದೆ. ಬಿಳಿ ಕೋನಿಗೆ ಬೇಕಾದ ಕಾಗದದ ತಿರುಳು ಸಿಗದೆ 2001ರಲ್ಲಿ ತಯಾರಿಕೆ ನಿಂತಿತು. ಸಂಗೀತಪ್ರಿಯರು ಒಲ್ಲೆವೆಂದ ಈ ಸ್ಪೀಕರಿಗೆ 2008ರಲ್ಲಿ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಸಂದಿತು.

ಎನ್ಎಸ್-10 ಬಂದ ಕಾಲದಲ್ಲಿ ಬಹುಮಟ್ಟಿಗೆ ಸ್ಪೀಕರು ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ. 1978ರಲ್ಲೇ ಶುರುವಾದ ಫಿನ್ಲೆಂಡಿನ ಜೆನೆಲೆಕ್, ಅಲ್ಲಿನ ಸರ್ಕಾರಿ ರೇಡಿಯೋಗಾಗಿ ಆಂಪ್ಲಿಫೈಯರನ್ನು ಪೆಟ್ಟಿಗೆಯೊಳಗೇ ಕೂರಿಸಿತು. ವೂಫರಿಗೊಂದು, ಟ್ವೀಟರಿಗೊಂದು ಆಂಪ್ಲಿಫೈಯರ್. ಸದ್ದನ್ನು ಮೇಲು ಕೆಳಗು ಎಂದು ಪಾಲು ಮಾಡುವ ಕೆಲಸ ಅವುಗಳಿಗೂ ಮೊದಲೇ ನಡೆಯುತ್ತದೆ. ತಯಾರಕರೇ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಕೊಡುವುದರಿಂದ ಕೊಂಡವರು ಎಡವುವ ದಾರಿ ಕಡಿಮೆ. ಈ ಏರ್ಪಾಟನ್ನು 1990ರ ದಶಕದ ಕೊನೆಗೆ ಮ್ಯಾಕಿ ಕಂಪನಿಯ ಎಚ್ಆರ್824 ಸಣ್ಣ ಸ್ಟುಡಿಯೋಗಳ ಕೈಗೆಟಕಿಸಿತು. ಅಷ್ಟರಲ್ಲಿ ಆಲೆಸಿಸ್ ಕಂಪನಿಯ ಅಡಾಟ್ ರೆಕಾರ್ಡಿಂಗ್ ಯಂತ್ರ, ಅದರ ಬೆನ್ನಿಗೇ ಕಂಪ್ಯೂಟರು ಬಂದು ಮನೆಯಲ್ಲೇ ಧ್ವನಿಮುದ್ರಣ ಮಾಡುವವರು ಹೆಚ್ಚಿದ್ದರು.

ಮುಂದಿನದು ಬೆಲೆ ಇಳಿದ ಕಥೆ. ಅಷ್ಟಾಗಿ ಬಿಸಿಯಾಗದ, ಹಗುರವಾದ ಕ್ಲಾಸ್-ಡಿ ಆಂಪ್ಲಿಫೈಯರ್, ಸದ್ದನ್ನು ಲೆಕ್ಕ ಹಾಕಿ ತಿದ್ದುವ ಚಿಪ್, ಚೀನಾದ ಕಾರ್ಖಾನೆಗಳು ಎಲ್ಲವೂ ಇದರಲ್ಲಿ ಸೇರಿವೆ. ಕೆಆರ್‌ಕೆ ಕಂಪನಿಯ ಹಳದಿ ಕೋನಿನ ರಾಕಿಟ್ ಹುಡುಗರ ಕೋಣೆಗಳ ಗುರುತೇ ಆಯಿತು. ಅದರ ಹಳೆಯ ಮಾದರಿಗಳ ಉಬ್ಬಿದ ಕೆಳದನಿ ಮಾತ್ರ ನನಗೆ ಎಂದೂ ಒಗ್ಗಲಿಲ್ಲ. 2013ರಲ್ಲಿ ಯಮಹಾದ ಎಚ್ಎಸ್5 ಬಂತು. ಅದರ ಬಿಳಿ ಕೋನು ಎನ್ಎಸ್-10ರ ನೆನಪು ತರುತ್ತದೆ, ಅಷ್ಟೇ. ಪೆಟ್ಟಿಗೆಯ ಹಿಂದೆ ರಂಧ್ರವಿರುವ ಇದರ ಗುಣವೇ ಬೇರೆ. ಅದೇ ವರ್ಷದ ಜೆಬಿಎಲ್ ಎಲ್ಎಸ್ಆರ್305ರಲ್ಲಿ ಆ ಕಂಪನಿಯ ದುಬಾರಿ ಎಂ2 ಮಾನಿಟರಿಗಾಗಿ ರೂಪಿಸಿದ ಹಾರ್ನಿನ ಆಕಾರ ಇಳಿದುಬಂದಿತ್ತು. ಕುರ್ಚಿ ಅತ್ತಿತ್ತ ಸರಿದರೂ ಮೇಲುದನಿ ಬದಲಾಗದಿರುವುದು ಇದರ ಲಾಭ. 2018ರಲ್ಲಿ ರಿಬ್ಬನ್ ಬಗೆಯ ಟ್ವೀಟರಿನ ಆಡಮ್ ಟಿ5ವಿ ಬಂತು, ಜೆಬಿಎಲ್ ಬಿಟ್ಟು ಬಂದವರು ಕಟ್ಟಿದ ಕಾಲಿ ಕಂಪನಿಯ ಎಲ್‌ಪಿ-6 ಬಂತು. ಕಾಲಿಯ ಬೆನ್ನಿನಲ್ಲಿ, ಸ್ಪೀಕರು ಗೋಡೆಗೆ ಹತ್ತಿರವೋ ಮೇಜಿನ ಮೇಲೋ ಎಂದು ಚಿತ್ರ ನೋಡಿ ಆರಿಸುವ ಸ್ವಿಚ್ಚುಗಳಿವೆ. ತಯಾರಕರು ಕೊನೆಗೂ ಕೋಣೆಯ ಕಡೆ ಕಣ್ಣು ಹಾಯಿಸಿದ್ದಕ್ಕೆ ಇದೊಂದು ಸಾಕ್ಷಿ.

ಈಗ ಉಳಿದಿರುವ ತೊಡಕು ಕೋಣೆಯದೇ. ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಒಂದು ಕಾಲದಲ್ಲಿ ಮದ್ರಾಸಿನ ರೈಲು ಹತ್ತಬೇಕಿತ್ತು; 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಕಾಲಕ್ಕೆ ದೊಡ್ಡ ಮಾತು. ಈಗ ದಾವಣಗೆರೆಯಲ್ಲೋ ಶಿರಸಿಯಲ್ಲೋ ಮನೆಯಲ್ಲೇ ಕೂತು ಭಾವಗೀತೆ ಮಿಕ್ಸ್ ಮಾಡಬಹುದು. ಆದರೆ ನಮ್ಮ ಕೋಣೆಗಳೋ! 10 ಅಡಿ ಉದ್ದ, 10 ಅಡಿ ಅಗಲ, ತಾರಸಿಯೂ 10 ಅಡಿ, ನೆಲಕ್ಕೆ ನುಣುಪು ಟೈಲ್ಸ್. 10 ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಕೆಳದನಿ ಸಿಕ್ಕಿಹಾಕಿಕೊಂಡು ಮೊಳಗುತ್ತದೆ. ಮೂರು ಅಳತೆಯೂ ಒಂದೇ ಆದರೆ ಅದೇ ದನಿ ಮೂರು ದಿಕ್ಕಿನಿಂದಲೂ ಸೇರಿಕೊಳ್ಳುತ್ತದೆ. ಗೋಡೆಯ ಬಳಿ ಅದರ ಅಬ್ಬರ, ಕೋಣೆಯ ನಡುವೆ ಅದು ಇಲ್ಲವೇ ಇಲ್ಲ. ನಡುವೆ ಕೂತವರು ಬೇಸ್ ಸಾಲದೆಂದು ಏರಿಸುತ್ತಾರೆ; ಆ ಹಾಡನ್ನು ಕಾರಿನಲ್ಲಿ ಕೇಳಿದಾಗ ಬಾಗಿಲು ಅದುರುತ್ತದೆ. ಇದಕ್ಕೆ ಸ್ಪೀಕರನ್ನು ಬೈದು ಫಲವಿಲ್ಲ.

ಇಂಥ ಕೋಣೆಗೆ 8 ಇಂಚಿನ ಮಾನಿಟರು ತಂದರೆ ತೊಂದರೆ ಹೆಚ್ಚುತ್ತದೆಯೇ ಹೊರತು ತಗ್ಗದು. 5 ಇಂಚಿನದು ಸಾಕು. ಮೇಲೆ ಹೇಳಿದ ಹೊಸ ಮಾದರಿಗಳಲ್ಲಿ ಆ ಅಳತೆಯ ಯಾವುದಾದರೂ ಸರಿ, ಅವುಗಳ ನಡುವಿನ ಅಂತರಕ್ಕಿಂತ ಎರಡು ಕೋಣೆಗಳ ನಡುವಿನ ಅಂತರ ದೊಡ್ಡದು. ಟ್ವೀಟರು ಕಿವಿಯ ಮಟ್ಟಕ್ಕಿರಲಿ, ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಕುರ್ಚಿ ಕೋಣೆಯ ನಟ್ಟನಡುವಿಗಿಂತ ತುಸು ಮುಂದಿರಲಿ. ಮೊಟ್ಟೆಯ ಟ್ರೇ ಅಂಟಿಸುವ ಗೋಜಿಗೆ ಹೋಗಬೇಡಿ, ಕೆಳದನಿಯನ್ನು ಅವು ಮುಟ್ಟುವುದೂ ಇಲ್ಲ. ದುಬಾರಿ ಮಾದರಿಗೆಂದು ಎತ್ತಿಟ್ಟ ಹಣದಲ್ಲಿ ಮೂಲೆಗಳಿಗೆ ಸದ್ದು ಹೀರುವ ದಪ್ಪನೆಯ ರಾಕ್‌ವೂಲ್ ಹಲಗೆ ಮಾಡಿಸಿ. ತೀರಾ ಕೆಳದನಿಯನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಪರೀಕ್ಷಿಸಿ. ಕೊಳ್ಳುವಾಗ ಅಂಗಡಿಯವರನ್ನು ಮರೆಯದೆ ಕೇಳಿ: ಹೇಳಿದ ಬೆಲೆ ಜೋಡಿಗೋ ಒಂದಕ್ಕೋ? ಹಲವು ಮಾನಿಟರುಗಳು ಬಿಡಿಯಾಗಿಯೇ ಮಾರಾಟವಾಗುತ್ತವೆ.