ಮಕ್ಕಳ ಹಲಗೆಯಿಂದ ಗ್ರಂಥದ ಪುಟಕ್ಕೆ

ಏಳನೆಯ ಶತಮಾನದ ಕುರ್‌ಆನ್ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿಲ್ಲ. ಬಾ, ತಾ, ನೂನ್ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳು ಕೂಡ ಅಲ್ಲೊಂದು ಇಲ್ಲೊಂದು. ಓದುವವನಿಗೆ ಪಾಠ ಮೊದಲೇ ಬಾಯಿಪಾಠವಾಗಿರುತ್ತಿತ್ತು, ಬರಹ ನೆನಪಿಗೊಂದು ಆಸರೆ ಅಷ್ಟೆ. ಇಂದು ಅದೇ ಗ್ರಂಥದ ಯಾವ ಪುಟ ತೆರೆದರೂ ಅಕ್ಷರಗಳ ಮೇಲೆ ಕೆಳಗೆ ಗೀಟು, ಕೊಂಡಿ, ಸುಳಿಗಳು ಕಿಕ್ಕಿರಿದಿವೆ. ಅರಬ್ಬಿ ದಿನಪತ್ರಿಕೆಗಳು ಇವುಗಳ ಗೊಡವೆಗೇ ಹೋಗುವುದಿಲ್ಲ. ಪಾಠಶುದ್ಧಿಗಾಗಿ ಆಳುವವರೂ ವ್ಯಾಕರಣಪಂಡಿತರೂ ಇವನ್ನು ಮೇಲಿನಿಂದ ಜಾರಿಗೆ ತಂದರು ಎಂಬುದು ಸಾಮಾನ್ಯವಾಗಿ ಹೇಳುವ ಕಥೆ. ಅದರಲ್ಲಿ ಅರ್ಧ ನಿಜವಿದೆ. ಗುರುತುಗಳನ್ನು ಕಟ್ಟಿದವರು ಪಂಡಿತರೇ, ಆದರೆ ಗ್ರಂಥದೊಳಗೆ ಅವಕ್ಕೆ ಜಾಗ ಕೊಡಿಸಿದ್ದರಲ್ಲಿ ಓದು ಕಲಿಯುವ ಮಕ್ಕಳ ಪಾಲು ದೊಡ್ಡದು.

ಸಂಪ್ರದಾಯದ ಪ್ರಕಾರ ಮೊದಲ ಹೆಜ್ಜೆ ಬಸ್ರಾದ ಅಬುಲ್ ಅಸ್ವದ್ ಅದ್ದುವಲಿಯದು. ತನ್ನ ತುಟಿಗಳನ್ನೇ ನೋಡುತ್ತಿರಲು ಆತ ಲಿಪಿಕಾರನಿಗೆ ಹೇಳಿದನಂತೆ: ಬಾಯಿ ತೆರೆದರೆ ಅಕ್ಷರದ ಮೇಲೊಂದು ಚುಕ್ಕೆ, ತುಟಿ ಕೆಳಗಿಳಿದರೆ ಕೆಳಗೊಂದು, ತುಟಿ ದುಂಡಾದರೆ ಪಕ್ಕಕ್ಕೊಂದು. ಶಾಯಿ ಮಾತ್ರ ಮೂಲದ ಬಣ್ಣದ್ದಲ್ಲ. ಎಂಟನೆಯ ಶತಮಾನದಲ್ಲಿ ಅದೇ ಊರಿನ ಖಲೀಲ್ ಇಬ್ನ್ ಅಹ್ಮದ್ ಚುಕ್ಕೆಗಳ ಬದಲು ಪುಟ್ಟ ಅಕ್ಷರಗಳನ್ನೇ ತಂದ. ಉಕಾರಕ್ಕೆ ಕಿರಿಯ ವಾವ್, ಅಕಾರಕ್ಕೆ ಓರೆಯಾಗಿ ಮಲಗಿಸಿದ ಅಲಿಫ್, ದ್ವಿತ್ವಕ್ಕೆ ಶೀನ್ ಅಕ್ಷರದ ತಲೆ. ಇಂದಿನ ಗುರುತುಗಳು ಬಹುಪಾಲು ಇವೇ. ಆದರೆ ಅವು ಕೂಡಲೇ ಧರ್ಮಗ್ರಂಥವನ್ನು ಹೊಗಲಿಲ್ಲ. ಸ್ಪೇನಿನ ಡೆನಿಯಾದಲ್ಲಿ 1053ರಲ್ಲಿ ತೀರಿಕೊಂಡ ಅಬೂ ಅಮ್ರ್ ಅದ್ದಾನಿ ಚುಕ್ಕೆ ಹಾಕುವ ಕಲೆಗೆಂದೇ ಒಂದು ಗ್ರಂಥ ಬರೆದವನು. ಖಲೀಲನ ಗುರುತುಗಳು ಕಾವ್ಯಕ್ಕೆ ಸರಿ, ಕುರ್‌ಆನಿಗೆ ಹಳೆಯ ಬಣ್ಣದ ಚುಕ್ಕೆಗಳೇ ಇರಲಿ ಎಂಬುದು ಅವನ ಪಟ್ಟು. ಮದೀನಾದ ಇಮಾಮ್ ಮಾಲಿಕರ (ಮರಣ 795) ಅಭಿಪ್ರಾಯವೊಂದನ್ನೂ ಅವನು ದಾಖಲಿಸಿದ್ದಾನೆ: ದೊಡ್ಡ ಮೂಲಪ್ರತಿಗಳಿಗೆ ಚುಕ್ಕೆ ಕೂಡದು, ಮಕ್ಕಳು ಕಲಿಯುವ ಚಿಕ್ಕ ಪ್ರತಿಗಳಿಗೆ ಹಾಕಿದರೆ ಅಡ್ಡಿಯಿಲ್ಲ. ನನ್ನ ವಾದಕ್ಕೆ ಈ ವಿನಾಯಿತಿಯೇ ಆಧಾರ. ಮಡಿಯ ಗ್ರಂಥಕ್ಕೆ ಏನನ್ನೂ ಸೇರಿಸಬಾರದೆಂದು ಕಾವಲು ಕಾಯುತ್ತಿದ್ದವರೇ ಒಂದು ಕಿಟಕಿ ತೆರೆದಿಟ್ಟರು, ಅದನ್ನು ತೆರೆದದ್ದು ಮಕ್ಕಳಿಗಾಗಿ.

ಚಿಹ್ನೆಗಳು ಬೇಕಾದದ್ದು ಹೊಸದಾಗಿ ಇಸ್ಲಾಂ ಸೇರಿದ, ಅರಬ್ಬಿ ತಾಯ್ನುಡಿಯಲ್ಲದ ವಯಸ್ಕರ ತಪ್ಪು ತಿದ್ದಲು, ಮಕ್ಕಳಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಹುಟ್ಟಿಗೆ ಆ ಕಾರಣವನ್ನು ಒಪ್ಪುತ್ತೇನೆ. ಆದರೆ ಒಂದು ವಸ್ತು ಹುಟ್ಟಿದ ಕಾರಣವೂ ಉಳಿದ ಕಾರಣವೂ ಒಂದೇ ಆಗಿರಬೇಕಿಲ್ಲ. ಒಂಬತ್ತನೆಯ ಶತಮಾನದ ಕೈರವಾನಿನಲ್ಲಿ ಇಬ್ನ್ ಸಹ್ನೂನ್ ಮಕ್ಕಳ ಮೇಷ್ಟ್ರುಗಳಿಗೆಂದು ಬರೆದ ಕೈಪಿಡಿ ಉಳಿದು ಬಂದಿದೆ. ಸ್ವರಚಿಹ್ನೆ, ಕಾಗುಣಿತ, ಒಳ್ಳೆಯ ಕೈಬರಹ, ಎಲ್ಲಿ ನಿಲ್ಲಬೇಕೆಂಬ ಜ್ಞಾನ, ಇವೆಲ್ಲ ಅದರಲ್ಲಿ ಮೇಷ್ಟ್ರ ಕರ್ತವ್ಯಗಳು. ಹಲಗೆಯ ಮೇಲಿನ ಪವಿತ್ರ ಅಕ್ಷರ ಅಳಿಸಿದ ನೀರನ್ನು ಎಲ್ಲಿ ಚೆಲ್ಲಬೇಕು ಎಂಬ ಚರ್ಚೆಯೂ ಅಲ್ಲಿದೆ: ಗುಂಡಿ ತೋಡಿ ಅದರಲ್ಲಿ ಸುರಿಯುವುದು ಹಿಂದಿನವರ ರೂಢಿ. ಅದ್ದಾನಿಗಿಂತ ಸುಮಾರು ಎರಡು ಶತಮಾನ ಮೊದಲೇ ಸ್ವರಚಿಹ್ನೆ ದಿನನಿತ್ಯದ ಪಾಠವಾಗಿತ್ತು ಎಂದಾಯಿತು. ಹೀಗೆ ಗುರುತು ನೋಡುತ್ತಲೇ ಬೆಳೆದ ಪೀಳಿಗೆಗಳಿಗೆ ಬರಿದಾದ ಪುಟ ಪೂಜ್ಯವಾಗಿ ಅಲ್ಲ, ಅಪೂರ್ಣವಾಗಿ ಕಂಡಿರಬೇಕು.

ಅರಬ್ಬಿ ಮನೆಮಾತಲ್ಲದ ನಾಡುಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಅ, ಇ, ಉ ಸ್ವರಗಳ ಗುರುತುಗಳಿಗೆ ಪಾರಸಿಯಿಂದ ಬಂದ ಜಬರ್, ಜೇರ್, ಪೇಶ್ ಎಂಬ ಹೆಸರುಗಳು ಹಿಂದೂಸ್ತಾನದ ಮದ್ರಸಾಗಳಲ್ಲಿ, ನಮ್ಮ ದಖ್ಖನಿ ಮನೆಗಳಲ್ಲಿ ಈಗಲೂ ಕೇಳುತ್ತವೆ. ಜಾವಾದಲ್ಲಿ ಅವೇ ಜಬರ್, ಜೆರ್, ಪೆಸ್ ಆಗಿವೆ. ‘ಬೇ ಸೀನ್ ಜೇರ್ ಬಿಸ್, ಮೀಮ್ ಜೇರ್ ಮಿ, ಬಿಸ್ಮಿ’ ಎಂದು ರಾಗವಾಗಿ ಹೇಳುವ ಹಿಜ್ಜೆ, ‘ಕ ಗುಡಿಸು ಕಿ, ಕ ಕೊಂಬು ಕು’ ಎಂದು ಕೂಗಿ ಕಲಿತ ಕನ್ನಡಿಗರಿಗೆ ಅಪರಿಚಿತವೆನಿಸದು. ಲುಧಿಯಾನದ ನೂರ್ ಮುಹಮ್ಮದರ ನೂರಾನಿ ಕಾಯಿದಾ ಎಂಬ ಮೊದಲ ಪಾಠದ ಪುಸ್ತಕ ಈ ಹಿಜ್ಜೆಯನ್ನೇ ಪಾಠಪಾಠವಾಗಿ ಜೋಡಿಸಿತು. ನಮ್ಮ ಉಪಖಂಡದ ಮುದ್ರಣದಲ್ಲಿ ದೀರ್ಘ ಈಕಾರದ ‘ಯೇ’ ಮೇಲೆ ಕೂಡ, ಸ್ವರವಿಲ್ಲದ ಅಕ್ಷರಕ್ಕೆ ಹಾಕುವ ಜಜ್ಮ್ ಗುರುತು ಕೂರುತ್ತದೆ. 1924ರ ಕೈರೋ ಮುದ್ರಣ ಅದನ್ನು ಖಾಲಿ ಬಿಡುತ್ತದೆ. ‘ಫೇ ಯೇ ಜೇರ್ ಫೀ’ ಎನ್ನುವ ಹುಡುಗನಿಗೆ, ಗುರುತಿದ್ದರೆ ಉಚ್ಚರಿಸು, ಇಲ್ಲದಿದ್ದರೆ ದಾಟು ಎಂಬ ಒಂದೇ ನಿಯಮ ಸಾಕು. ಮುದ್ರಣ ಹಿಜ್ಜೆಯಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ, ಎರಡೂ ಒಂದಕ್ಕೊಂದು ಒಗ್ಗಿಕೊಂಡಿವೆ.

ಅರ್ಥ ತಿಳಿಯದ ಪಠಣಕ್ಕೆ ಇಷ್ಟೆಲ್ಲ ಸಾಹಸವೇಕೆಂಬುದು ಗಟ್ಟಿ ಆಕ್ಷೇಪ, ಹಳೆಯದು ಕೂಡ. 1148ರಲ್ಲಿ ತೀರಿಕೊಂಡ ಸೆವಿಲ್ಲೆಯ ಕಾಜಿ ಇಬ್ನುಲ್ ಅರಬಿ ಮೊದಲು ಭಾಷೆ ಮತ್ತು ಕಾವ್ಯ, ಆಮೇಲೆ ಗಣಿತ, ನಂತರವೇ ಕುರ್‌ಆನ್ ಎಂದಿದ್ದ. ಇತಿಹಾಸಕಾರ ಇಬ್ನ್ ಖಲ್ದೂನ್ ಅದನ್ನು ಒಳ್ಳೆಯ ಯೋಚನೆಯೆಂದು ಒಪ್ಪಿದರೂ ರೂಢಿ ಬಿಡದು ಎಂದ: ಮಗು ಹಿಡಿತದಲ್ಲಿದ್ದಾಗಲೇ ಕಲಿಸದಿದ್ದರೆ ಹರೆಯ ಬಂದ ಮೇಲೆ ಕೈತಪ್ಪೀತು ಎಂಬ ಅಳುಕು ತಂದೆತಾಯಿಗಳದು. ನನಗೆ ಕಾಜಿಯ ಮಾತೇ ಹೆಚ್ಚು ವಿವೇಕದ್ದೆನಿಸುತ್ತದೆ. ಆದರೆ ಆ ಅಳುಕೇ ಗುರುತುಗಳನ್ನು ಅನಿವಾರ್ಯ ಮಾಡಿತು, ಏಕೆಂದರೆ ಅರ್ಥ ಬಲ್ಲವನು ಸ್ವರವನ್ನು ಊಹಿಸಿಯಾನು, ಮಗು ಊಹಿಸಲಾರದು. 1980ರ ದಶಕದ ಕೊನೆಯಲ್ಲಿ ಯೋಗ್ಯಕರ್ತದ ಅಸ್‌ಅದ್ ಹುಮಾಮ್ ಆರು ಪುಸ್ತಿಕೆಗಳ ‘ಇಕ್ರೋ’ ಹೊರತಂದು ಹಿಜ್ಜೆಯನ್ನೇ ಕೈಬಿಟ್ಟರು. ಗುರುತಿನ ಹೆಸರು ಹೇಳದೆ ಮಗು ನೇರವಾಗಿ ‘ಅ, ಬ’ ಎಂದು ಓದುತ್ತದೆ. ಇಂಡೊನೇಷ್ಯಾದಲ್ಲಿ ಅದು ಹಳೆಯ ಜಬರ್-ಜೆರ್ ರಾಗವನ್ನು ಬಹುಮಟ್ಟಿಗೆ ಹಿಂದೆ ಸರಿಸಿತು. ಗುರುತುಗಳನ್ನು ಮಾತ್ರ ಅವರೂ ಮೊದಲ ಪುಟದಿಂದಲೇ ಉಳಿಸಿಕೊಂಡರು.