ಹಳೆಯ ಪಿಕಪ್ಪಿನ ಹಿಂಗಾಲು

ನಮ್ಮ ಕಡೆ ಲಾರಿಯ ಹಿಂಭಾಗವೆಂದರೆ ಕಮಾನು ಪಟ್ಟಿ. ತಿಪಟೂರಿನ ಕೊಬ್ಬರಿ ಲಾರಿಗಳ ಅಡಿಯಲ್ಲಿ ಒಂದರ ಮೇಲೊಂದು ಪೇರಿಸಿ, ಯು ಬೋಲ್ಟು ಬಿಗಿದ ಆ ಪಟ್ಟಿಗಳನ್ನು ನೋಡುತ್ತಲೇ ಬೆಳೆದವನು ನಾನು. ಒಂದು ಮುರಿದರೆ ಅದೇ ಅಳತೆಯದನ್ನು ತಂದು ಸೇರಿಸಿದರಾಯಿತು. ಹಾಗಾಗಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನನ್ನ ಪಾಲಿಗೆ ಬಂದ 1969ರ ಷೆವ್ರೊಲೆ ಸಿ-10 ಪಿಕಪ್ಪಿನ ಅಡಿಗೆ ಮೊದಲ ಸಲ ನುಸುಳಿದಾಗ, ಪಟ್ಟಿಯೇ ಕಾಣದೆ ಬೆಪ್ಪಾದೆ.

1960ರಲ್ಲಿ ಷೆವ್ರೊಲೆಯವರು ಪಿಕಪ್ಪುಗಳನ್ನು ಹೊಸದಾಗಿ ರೂಪಿಸಿದಾಗ, ಅರ್ಧ ಟನ್ನಿನ ಗಾಡಿಯ ಹಿಂದೆ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗು ಹಾಕಿದರು. ಸುರುಳಿ ಭಾರ ಹೊತ್ತೀತು, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡಲಾರದು. ಕಮಾನು ಪಟ್ಟಿಯಾದರೋ ಎರಡು ಕೆಲಸವನ್ನೂ ಒಂದೇ ಕೂಲಿಗೆ ಮಾಡುತ್ತದೆ! ಆದ್ದರಿಂದ ಛಾಸಿಯ ನಡುವಿನ ಅಡ್ಡತೊಲೆಯಿಂದ ಎರಡು ಉಕ್ಕಿನ ತೋಳುಗಳನ್ನು ಹಿಂದಕ್ಕೆ ಚಾಚಿ ಆಕ್ಸಲಿಗೆ ಬಿಗಿದರು. ಆಕ್ಸಲ್ ಎಡಬಲಕ್ಕೆ ಜಾರದಿರಲು ಒಂದು ಅಡ್ಡ ಸರಳು. ಫ್ರಾನ್ಸಿನ ಹಳೆಯ ಕಾರು ಕಂಪನಿಯಿಂದ ಅದಕ್ಕೆ ಪ್ಯಾನಾರ್ ಸರಳು ಎಂಬ ಹೆಸರು. ಬರಿಗಾಡಿ ಕಾರಿನಂತೆ ಮೆತ್ತಗೆ ಓಡುತ್ತಿತ್ತು. 1973ರಲ್ಲಿ ಕಂಪನಿ ಮತ್ತೆ ಪಟ್ಟಿಗೇ ಮರಳಿತು. ನನ್ನಂಥವರ ಕಷ್ಟ ಶುರುವಾದದ್ದು ಅಲ್ಲಿಂದ: ಆಮೇಲಿನ ಗಾಡಿಗಳ ಸಾಮಾನು ಇದಕ್ಕೆ ಕೂಡುವುದಿಲ್ಲ.

ನನ್ನ ಗಾಡಿಯ ತೋಳುಗಳ ಮುಂದಿನ ರಬ್ಬರ್ ಬುಷ್‌ಗಳು ಹಪ್ಪಳವಾಗಿದ್ದವು. ಎಂಬತ್ತು ಕಿಲೋಮೀಟರ್ ವೇಗ ದಾಟಿದರೆ ಹಿಂಭಾಗ ಬಾಲ ಅಲ್ಲಾಡಿಸುತ್ತಿತ್ತು. ‘ಇದರಲ್ಲಿ ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಕೂಡದು’ ಎಂದು ಮನೆಯಾಕೆ ಕಟ್ಟಪ್ಪಣೆ ಮಾಡಿದಳು. ಇನ್ನೊಂದು ಕಟ್ಟೂ ಇತ್ತು. ಗಾಡಿ ಮಾರಿದ ವೃದ್ಧ ರೈತರು, ‘ಇದನ್ನು ಜಾತ್ರೆಯ ಬೊಂಬೆ ಮಾಡಬೇಡ, ಭಾರ ಹೊರಿಸು’ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆದರೆ ಮಾರುಕಟ್ಟೆಯ ಮನಸ್ಸೇ ಬೇರೆ. 1963ರಿಂದ 72ರವರೆಗಿನ ಗಾಡಿಗಳಿಗೆಂದು ಬರುವ ಕಿಟ್‌ಗಳಲ್ಲಿ ಹೆಚ್ಚಿನವು ಗಾಡಿಯನ್ನು ನೆಲಕ್ಕೆ ಇಳಿಸುವಂಥವು: ಗಿಡ್ಡ ಸ್ಪ್ರಿಂಗು, ಗಾಳಿಚೀಲ. ತೀರಾ ಇಳಿಸುವವರು ಆಕ್ಸಲ್ ತಾಗದಿರಲೆಂದು ಛಾಸಿಯನ್ನೇ ಕಚ್ಚು ಕತ್ತರಿಸುತ್ತಾರೆ. ಗೊಬ್ಬರ ಹೊರುವ ಪ್ರಾಣಿಯನ್ನು ಹೀಗೆ ಮಂಡಿಯೂರಿಸುವುದು ನನಗೇಕೋ ಒಗ್ಗಲಿಲ್ಲ.

ಹುಡುಕುತ್ತ ಹೋದಾಗ ನಮ್ಮ ಷಾರ್ಲಟ್ ಊರಿನ ನಂಟು ತಿಳಿಯಿತು. ಅದು ನಾಸ್ಕಾರ್ ಮೋಟಾರು ರೇಸಿನ ತವರು. 1960ರ ದಶಕದಲ್ಲಿ ರೇಸಿನವರು ಷೆವ್ರೊಲೆ ಪಿಕಪ್ಪಿನ ಇದೇ ತೋಳುಗಳನ್ನು ತಮ್ಮ ಕಾರುಗಳ ಅಡಿಗೆ ತಂದರು. ಎರಡು ತಗಡು ತೊಟ್ಟಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಮಾಡಿದ ಈ ತೋಳು ಬಾಗುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ. ತಿರುವಿನಲ್ಲಿ ಗಾಡಿ ವಾಲುವುದಕ್ಕೆ ಅಷ್ಟು ಸಡಿಲ ಬೇಕೇ ಬೇಕು. ಅಡ್ಡ ಸರಳನ್ನಂತೂ ರೇಸಿನ ನಡುವೆಯೇ, ಹಿಂದಿನ ಗಾಜಿನ ತೂತಿನಿಂದ ಉದ್ದನೆಯ ಸ್ಪ್ಯಾನರ್ ಇಳಿಸಿ ಏರಿಸಿ ತಗ್ಗಿಸುತ್ತಿದ್ದರು. ಹೊಲದ ಗಾಡಿಗೆಂದು ಹುಟ್ಟಿದ ಈ ಏರ್ಪಾಟು ಅಲ್ಲಿನ ಮುಖ್ಯ ಸರಣಿಯಲ್ಲಿ 2021ರವರೆಗೂ ಬಾಳಿತು. 2022ರ ಹೊಸ ಕಾರಿಗೆ ಎರಡು ಚಕ್ರವೂ ಬೇರೆ ಬೇರೆ ಕುಣಿಯುವ ಹಿಂಗಾಲು ಬಂತು. ಈಗ ಪಿಕಪ್ಪಿನವರಿಗೆ ಮಾರುವ ತೋಳುಗಳಿಗೂ ರೇಸಿನ ಹೆಸರೇ ಜಾಹೀರಾತು. ಮಗಳು ಗಂಡನ ಮನೆಯಿಂದ ಒಡವೆ ಹೇರಿಕೊಂಡು ತವರಿಗೆ ಬಂದ ಹಾಗೆ!

ಆ ಒಡವೆ ನನಗೆ ಬೇಕಿರಲಿಲ್ಲ. ಹಳೆಯ ತೋಳುಗಳ ತುಕ್ಕು ಉಜ್ಜಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ್ನೇ ಉಳಿಸಿಕೊಂಡೆ. ಮೂಲ ಎತ್ತರದ ಸುರುಳಿಗಳು ಒಂದು ಮಾಮೂಲು ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕವು. ಬುಷ್‌ಗೆ ಎಲ್ಲರೂ ಹೊಗಳುವ ಗಟ್ಟಿ ಪಾಲಿಯುರೆಥೇನ್ ಬಿಟ್ಟು ರಬ್ಬರನ್ನೇ ಹಾಕಿಸಿದೆ. ತಿರುಚಲೇಬೇಕಾದ ತೋಳಿನ ಬುಡವನ್ನು ಬಿಗಿಹಿಡಿದರೆ ಏನು ಬಂತು? ಒಂದೇ ಒಂದು ಹೊಸತನವೆಂದರೆ ಉದ್ದನೆಯ ಪ್ಯಾನಾರ್ ಸರಳು. ಮೂಲದ್ದು ಮೋಟು. ಸರಳು ಮೋಟಾದಷ್ಟೂ ಹಳ್ಳದಿಣ್ಣೆಯಲ್ಲಿ ಆಕ್ಸಲ್ ಪಕ್ಕಕ್ಕೆ ಹೆಚ್ಚು ಸರಿಯುತ್ತದೆ.

ಮುಂದಿನ ಶನಿವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲೇ ಆ ರೈತರ ಹೊಲಕ್ಕೆ ಹೋದೆ. ಬಾಲ ಅಲ್ಲಾಡಲಿಲ್ಲ. ಗೊಬ್ಬರ ತುಂಬಿಸಿದ ಮೇಲೆ ಅವರು ಸೊಂಟ ಹಿಡಿದುಕೊಂಡು ಬಗ್ಗಿ, ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಬೆರಳಿಟ್ಟು ಅಳೆದರು.

‘ಇನ್ನೂ ನಾಲ್ಕು ಸಲಿಕೆ ಹಿಡಿಯುತ್ತೆ, ಹಾಕು’ ಎಂದರು.